ಸಲಹೆಗಾರರ ಬಿಳಿ ಕೋಟು

ಚಂದ್ರಕುಮಾರರಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ನೌಕಾಪಡೆಯವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿಯೂ ಆಕೆ ಅಡುಗೆಮನೆಯನ್ನು ಅಡುಗೆಮನೆ ಎಂದೇ ಕರೆಯುತ್ತಿದ್ದರು. ಅದು ‘ಗ್ಯಾಲಿ’. ನೆಲ ‘ಡೆಕ್’. ಬಚ್ಚಲು ಇದ್ದದ್ದು ಮನೆಯ ಎಡಕ್ಕಲ್ಲ, ‘ಪೋರ್ಟ್ ಸೈಡ್’ನಲ್ಲಿ. ಅಮೃತಾಪುರದಲ್ಲಿ ಹುಟ್ಟಿ ತರೀಕೆರೆಗೆ ಸೊಸೆಯಾಗಿ ಬಂದ ಅಮೃತಮ್ಮ ಕಂಡಿದ್ದ ಅತಿ ದೊಡ್ಡ ನೀರೆಂದರೆ ಲಕ್ಕವಳ್ಳಿಯ ಡ್ಯಾಮು. “ನಿಮ್ ಡೆಕ್ ಒರೆಸ್ತಿದೀನಿ, ಕಾಲೆತ್ರೀ” ಎಂದು ಒಮ್ಮೆ ಹೇಳಿದ್ದೇ ಆಕೆಯ ನೌಕಾಜೀವನದ ಒಟ್ಟು ಸಾಧನೆ.

ಈ ಕಾಯಿಲೆ ಉಲ್ಬಣಿಸಿದ್ದು ಚಂದ್ರಕುಮಾರರು ದುಡಿದ ಯುದ್ಧನೌಕೆಯೂ ನಿವೃತ್ತಿಯಾದ ಮೇಲೆ. (ಹಡಗಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಮರ್ಯಾದಸ್ಥ ಹಡಗು. ಮುಂದೆ ನಡೆದದ್ದರಲ್ಲಿ ಅದರ ತಪ್ಪೇನೂ ಇಲ್ಲ.) ಗುಜರಿಗೆ ಹೋಗಬೇಕಾಗಿದ್ದ ಅದನ್ನು ಕರಾವಳಿಯ ಒಂದು ಊರಿನವರು ಕೇಳಿ ಪಡೆದು, ದಡಕ್ಕೆ ಎಳೆದು ನಿಲ್ಲಿಸಿ, ಮ್ಯೂಸಿಯಂ ಮಾಡಲು ಹೊರಟರು. ಯಾವ ಪೈಪಿಗೆ ಯಾವ ಬಣ್ಣವಿತ್ತು, ಯಾವ ಮೊಳೆಯಲ್ಲಿ ಏನು ತೂಗುತ್ತಿತ್ತು ಎಂದು ಹೇಳಲು ಅದರಲ್ಲಿ ದುಡಿದವರೇ ಬೇಕಲ್ಲ. ನಿವೃತ್ತ ನಾವಿಕರದೊಂದು ಗೌರವ ಸಲಹಾ ಮಂಡಳಿ ಏರ್ಪಟ್ಟಿತು. ಎಂಜಿನ್ ರೂಮಿನ ಚೀಫ್ ಆಗಿದ್ದ ಚಂದ್ರಕುಮಾರರೂ ಸದಸ್ಯರಾದರು. ಗೌರವ ಎಂದರೆ ಸಂಬಳವಿಲ್ಲ ಎಂಬುದನ್ನು ಅಮೃತಮ್ಮ ಯಾರೂ ಹೇಳದೆಯೇ ಅರ್ಥಮಾಡಿಕೊಂಡರು.

ಭಾನುವಾರ ಬೆಳಿಗ್ಗೆ ಅವಲಕ್ಕಿ ಡಬ್ಬಕ್ಕೆ ಮೊಬೈಲ್ ಒರಗಿಸಿದರೆ ಸಭೆ ಶುರು. ದೇಶದ ಮೂಲೆಮೂಲೆಗಳಿಂದ ಮುದುಕರು ಪರದೆಯ ಮೇಲೆ ಉದಯಿಸಿ, ಎಂಜಿನ್ ರೂಮಿನ ಪೈಪು ಗಿಳಿಹಸಿರೋ ಪಾಚಿಹಸಿರೋ ಎಂದು ಯುದ್ಧ ಮಾಡುತ್ತಿದ್ದರು. ಆ ಹಡಗು ತನ್ನ ಸೇವಾವಧಿಯಲ್ಲಿ ಕಂಡದ್ದಕ್ಕಿಂತ ಹೆಚ್ಚು ಯುದ್ಧವನ್ನು ಸಲಹಾ ಮಂಡಳಿಯಲ್ಲಿ ಕಂಡಿತು. ಮ್ಯೂಸಿಯಂನ ಕೆಲಸ ನೋಡಿಕೊಳ್ಳುತ್ತಿದ್ದ ಅಕ್ಷತಾ ಎಂಬ ಇಂಜಿನಿಯರ್ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಅಂಗಡಿಯಲ್ಲಿ ಸಿಕ್ಕ ಹಸಿರನ್ನು ಬಳಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ಚಂದ್ರಕುಮಾರರಿಗೆ ಪೈಪಿನ ಬಣ್ಣ ಮುಖ್ಯವಾಗಿರಲಿಲ್ಲ. ಉದ್ಘಾಟನೆಗೆ ಅವರ ಕಾಲದ ಕ್ಯಾಪ್ಟನ್ ಸಾಹೇಬರು ಬರುವವರಿದ್ದರು. ಹಿಂದೊಮ್ಮೆ ಬಿರುಗಾಳಿಯಲ್ಲಿ ಪಂಪು ಕೈಕೊಟ್ಟಾಗ ಚಂದ್ರಕುಮಾರರು ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ಓಡಿಸಿದ್ದರು. ಸಾಹೇಬರು ಕೆಳಗಿಳಿದು ಬಂದು ಹೆಸರು ಕೇಳಿ, ಮರೆಯುವುದಿಲ್ಲ ಎಂದಿದ್ದರು. ಅವರು ನಿಜಕ್ಕೂ ಮರೆತಿಲ್ಲವೇ ಎಂಬುದೊಂದೇ ಚಂದ್ರಕುಮಾರರಿಗೆ ತಿಳಿಯಬೇಕಾಗಿತ್ತು. ಅದಕ್ಕಾಗಿ ಸಾಹೇಬರ ಕಣ್ಣಿಗೆ ಬೀಳಬೇಕು.

ಹೀಗಿರುವಾಗ ಅಡುಗೆಯವನಾಗಿದ್ದ ನಾಯರ್, ಹಡಗಿನಲ್ಲಿ ತಾನು ಸಾರು ಬಡಿಸುತ್ತಿದ್ದ ಸೌಟನ್ನು ದಾನ ಮಾಡಿದ. ಅದಕ್ಕೊಂದು ಗಾಜಿನ ಪೆಟ್ಟಿಗೆ, ಕೆಳಗೆ ನಾಯರನ ಹೆಸರು ಎಂದು ಅಕ್ಷತಾ ಘೋಷಿಸಿದಳು. ಒಂದು ಸೌಟಿಗೆ ಗಾಜಿನ ಪೆಟ್ಟಿಗೆ. ಚಂದ್ರಕುಮಾರರ ನೆತ್ತರು ಕುದಿಯಿತು. ಪೆರೇಡಿನಲ್ಲಿ ತಾವು ತೊಡುತ್ತಿದ್ದ ಬಿಳಿ ಕೋಟು, ಹಿತ್ತಾಳೆ ಗುಂಡಿಗಳ ಸಮೇತ, ಮ್ಯೂಸಿಯಂಗೆ ಸಮರ್ಪಿತ ಎಂದು ಅವರು ಸಭೆಯಲ್ಲಿ ಸಾರಿಬಿಟ್ಟರು. ಪರದೆಯ ಮೇಲಿನ ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ನಾಯರ್ ಮಾತ್ರ ತನ್ನ ನೆಟ್‌ವರ್ಕ್ ಸರಿಯಿಲ್ಲ ಎಂದು ಮಾಯವಾದ.

ಮೊಬೈಲ್ ಮಡಗಿ ಅಟ್ಟ ಹತ್ತಿದರು. ಟ್ರಂಕಿನಲ್ಲಿ ಹಳೆಯ ಸೊಳ್ಳೆಪರದೆಯೊಂದು ಬಿಟ್ಟರೆ ಏನೂ ಇರಲಿಲ್ಲ.

“ಲೇ, ಬಿಳೀ ಕೋಟೆಲ್ಲೇ?”

ಕೆಳಗೆ ಹಿಟ್ಟು ಕಲಸುತ್ತಿದ್ದ ಅಮೃತಮ್ಮ ತಲೆ ಎತ್ತಲಿಲ್ಲ. “ಕೋಟಾ? ಅದು ಇಡ್ಲಿ ಪಾತ್ರೆ ಆಯ್ತಲ್ರೀ.”

“ಏನಾಯ್ತು?”

“ಇಡ್ಲಿ ಪಾತ್ರೆ. ಹೋದ್ವರ್ಷ ಹಬ್ಬಕ್ಕೆ ಮುಂಚೆ, ಹಳೇ ಬಟ್ಟೆಗೆ ಪಾತ್ರೆ ಕೊಡ್ತಾಳಲ್ಲ ಮಾರಮ್ಮ, ಅವಳಿಗೆ ಹಾಕ್ದೆ. ಪ್ಯಾಂಟೂ ಸೇರ್ಸಿದ್ರೆ ಮುಚ್ಚಳ ಬಿಗಿ ಇರೋದು ಕೊಡ್ತೀನಿ ಅಂದ್ಲು. ಸೇರ್ಸಿದೆ.”

“ಅದು ದೇಶದ ಕೋಟು ಕಣೇ.”

“ದೇಶಕ್ಕೆ ನುಸಿಗುಳಿಗೆ ಹಾಕಿ ಹಾಕಿ ನಂಗೆ ಸಾಕಾಗಿತ್ತು. ನೀವೇ ತಾನೇ ಅಂದಿದ್ದು, ಈ ಪಾತ್ರೇಲಿ ಇಡ್ಲಿ ಹತ್ತಿ ಇದ್ದಂಗೆ ಬತ್ತವೆ ಅಂತ?”

ಅಂದದ್ದು ನಿಜ. ಅಷ್ಟು ದಿನದಿಂದ ತಮ್ಮ ಸಮವಸ್ತ್ರವನ್ನೇ ಚಟ್ನಿಗೆ ಅದ್ದಿ ತಿನ್ನುತ್ತಿದ್ದೇನೆಂಬ ಜ್ಞಾನೋದಯವಾದಾಗ ಚಂದ್ರಕುಮಾರರು ಏಣಿಯ ಮೇಲೆಯೇ ಕುಳಿತರು.

ಸ್ಕೂಟರ್ ಅಜ್ಜಂಪುರದ ಕಡೆ ಹೊರಟಿತು. ಹಿಂದಿನ ಸೀಟಿನಲ್ಲಿ ಅಮೃತಮ್ಮ; ಮಾರಮ್ಮನ ಮನೆ ಗೊತ್ತಿದ್ದದ್ದು ಆಕೆಗೆ ಮಾತ್ರ. ಮಾರಮ್ಮನಿಗೆ ಕೋಟು ಚೆನ್ನಾಗಿ ನೆನಪಿತ್ತು. ಪ್ಯಾಂಟು ಗ್ಯಾರೇಜಿನವರಿಗೆ ಕೈ ಒರೆಸುವ ಬಟ್ಟೆಯಾಗಿ ಹೋಗಿತ್ತು. (ಎಂಜಿನ್ ರೂಮಿನವರ ಪ್ಯಾಂಟಿಗೆ ಇದೇನೂ ಅವಮಾನವಲ್ಲ.) ಕೋಟನ್ನು ಮಾತ್ರ, ಗುಂಡಿಗಳ ಅಂದ ನೋಡಿ, ಅದೇ ಊರಿನ ಬ್ಯಾಂಡ್ ಸೆಟ್ಟಿನ ಶಾಕಿರ್ ಕೊಂಡಿದ್ದ. ಅವನು ಈಗ ಕಡೂರಿನಲ್ಲಿ ಒಂದು ಮದುವೆಯಲ್ಲಿದ್ದಾನೆ, ಹೋದರೆ ಸಿಗುತ್ತಾನೆ ಎಂದಳು. ಜೊತೆಗೆ, ಅಮೃತಮ್ಮನ ಬಳಿ ಇನ್ನೂ ಅಂಥ ಕೋಟು ಇದ್ದರೆ ಕುಕ್ಕರ್ ಕೊಡುವುದಾಗಿಯೂ ತಿಳಿಸಿದಳು.

ಕಡೂರಿನಲ್ಲಿ ಕೋಟು ಮದುಮಗನ ಕುದುರೆಯ ಮುಂದೆ ನಡೆಯುತ್ತಿತ್ತು. ಹೆಗಲಿಗೆ ಬಂಗಾರ ಬಣ್ಣದ ಕುಚ್ಚು, ಎದೆಗೆ ಕೆಂಪು ಹುರಿ, ತೋಳಿಗೆ ಮಿರುಗುವ ನಕ್ಷತ್ರ. ನೌಕಾಪಡೆ ಕೊಡದೆ ಹೋದ ಬಡ್ತಿಗಳನ್ನೆಲ್ಲ ಅಜ್ಜಂಪುರ ಕೊಟ್ಟಿತ್ತು. ಒಳಗೆ ಕೋಲಿನಂತೆ ನೆಟ್ಟಗಿದ್ದ ಶಾಕಿರ್ ಕ್ಲಾರಿನೆಟ್ ಊದುತ್ತಿದ್ದ. ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿ ಕೂತಿತ್ತು.

ಊಟದ ಹೊತ್ತಿಗೆ ಚಂದ್ರಕುಮಾರರು ಅವನನ್ನು ಪಕ್ಕಕ್ಕೆ ಕರೆದು ಸಮುದ್ರ, ಶೌರ್ಯ, ಇತಿಹಾಸ ಮೂರನ್ನೂ ವಿವರಿಸಿದರು. ಶಾಕಿರ್ ಮರ್ಯಾದೆಯಿಂದ ಕೇಳಿಸಿಕೊಂಡ.

“ಸರಿ ಸಾರ್. ಇದನ್ನ ನೀವು ದಿನಾ ಹಾಕ್ಕೋತಿದ್ರಾ?”

ದಿನಾ ಎಣ್ಣೆ ಮೆತ್ತಿದ ನೀಲಿ ಬಟ್ಟೆ, ಕೋಟು ಪೆರೇಡಿಗೆ ಮಾತ್ರ ಎಂದು ಚಂದ್ರಕುಮಾರರು ಒಪ್ಪಿಕೊಳ್ಳಬೇಕಾಯಿತು.

“ನಾನು ಒಂದು ಮದ್ವೆಗೂ ಬಿಟ್ಟಿಲ್ಲ. ಇದು ಬರೋಕ್ ಮುಂಚೆ ಜನ ಏ ಬ್ಯಾಂಡಿನೋನೇ ಅಂತಿದ್ರು. ಈಗ ಮಾಸ್ಟ್ರೇ ಅಂತಾರೆ. ಹೆಂಗ್ ಕೊಡ್ಲಿ ಹೇಳಿ.”

ಚಂದ್ರಕುಮಾರರು ಇತಿಹಾಸವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ಅಮೃತಮ್ಮ ಅವರನ್ನು ತಡೆದು ವ್ಯಾಪಾರಕ್ಕಿಳಿದರು. ಪಾತ್ರೆಯವಳ ಜೊತೆ ಜೀವಮಾನವಿಡೀ ಚೌಕಾಸಿ ಮಾಡಿದ ಹೆಂಗಸು ಆಕೆ. ತರೀಕೆರೆಯ ಟೈಲರ್ ತಿಪ್ಪೇಶನ ಹತ್ತಿರ ಇದೇ ಮಾದರಿಯ ಹೊಸ ಕೋಟು ಹೊಲಿಸಿಕೊಡುವುದು, ಕುಚ್ಚು ಹುರಿ ನಕ್ಷತ್ರಗಳು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಹೋಗುವುದು, ಮೇಲಾಗಿ ಉದ್ಘಾಟನೆಯಲ್ಲಿ ಶಾಕಿರನ ಸೆಟ್ಟಿಗೇ ಬಾಜಾ ಬಜಂತ್ರಿ ಕೊಡಿಸುವುದು. ಶಾಕಿರ್ ಅಲ್ಲೇ ಒಪ್ಪಿದ. ವಾದ್ಯದವರನ್ನು ಇನ್ನೂ ಗೊತ್ತುಮಾಡಿರದ ಅಕ್ಷತಾ ಫೋನಿನಲ್ಲಿಯೇ ಕುಣಿದಾಡಿದಳು. ಆಮೇಲೆ ಅವಳಿಗೂ ಒಂದು ಸಲಹೆ ಹೊಳೆಯಿತು (ಸಲಹೆಗಾರರ ಸಹವಾಸದಿಂದ ಇದು ಅಂಟುತ್ತದೆ). ಕೋಟು ಪೆಟ್ಟಿಗೆಗೆ ಹೋಗುವ ಮೊದಲು, ಅಂಕಲ್ ಅದನ್ನು ತೊಟ್ಟು ಹಡಗಿನ ಬಾಗಿಲಲ್ಲಿ ನಿಂತು ಕ್ಯಾಪ್ಟನ್ ಸಾಹೇಬರನ್ನು ಸ್ವಾಗತಿಸಬೇಕು.

ಚಂದ್ರಕುಮಾರರು ಕೇಳಬೇಕೆಂದಿದ್ದದ್ದೂ ಅದೇ. ತಿಪ್ಪೇಶನ ಅಂಗಡಿಯ ಕನ್ನಡಿಯ ಮುಂದೆ ಉಸಿರು ಒಳಗೆಳೆದುಕೊಂಡು ಕೋಟು ತೊಟ್ಟರು. ಹಡಗು ಬಿಟ್ಟ ಮೇಲೆ ಅವರ ಸರಕು ಸಾಗಣೆಯ ಸಾಮರ್ಥ್ಯ ಹೆಚ್ಚಿತ್ತು. ಮೇಲಿನ ಗುಂಡಿ ಕಾಜಕ್ಕೆ ಸೇರಿತು. ಎರಡನೆಯದು ಕಾಜವನ್ನು ದೂರದಿಂದ ನೋಡಿತು. ಉಳಿದವು ಆ ಪ್ರಯತ್ನಕ್ಕೂ ಹೋಗಲಿಲ್ಲ. ತಿಪ್ಪೇಶ್ ಸುತ್ತಲೂ ಟೇಪು ಹಿಡಿದು ನೋಡಿ ತೀರ್ಪು ಕೊಟ್ಟ.

“ಬಿಚ್ಚಿ ಅಗಲ ಮಾಡ್ಬಹುದು ಸಾರ್. ಮಧ್ಯಕ್ಕೆ ಇನ್ನೊಂದು ಕೋಟು ಬೇಕಾಯ್ತದೆ.”

“ಇಡ್ಲಿ ಬಿಡಿ ಅಂದ್ರೆ ಬಿಡ್ತೀರಾ?” ಎಂದರು ಅಮೃತಮ್ಮ.

“ಉಳಿದಿರೋ ದಿನಕ್ಕೆ ಬಿಟ್ರೂ ಆಗಲ್ಲ ಅಕ್ಕ” ಎಂದ ತಿಪ್ಪೇಶ್.

ಕೋಟು ಹೊಂದುತ್ತಿದ್ದದ್ದು ಒಬ್ಬನಿಗೇ. ಹೀಗಾಗಿ ಅಂದು ಶಾಕಿರನೇ ಅದನ್ನು ತೊಟ್ಟು ಬಾಗಿಲಲ್ಲಿ ನಿಲ್ಲುವುದು, ಪಕ್ಕದಲ್ಲಿ ಚಂದ್ರಕುಮಾರರು ನಿಂತು, ಇದು ನನ್ನ ಕೋಟು ಎಂದು ಸಾಹೇಬರಿಗೆ ಪರಿಚಯಿಸಿಕೊಳ್ಳುವುದು ಎಂದಾಯಿತು. ಬ್ಯಾಂಡಿನ ಟೆಂಪೋದಲ್ಲೇ ಎಲ್ಲರೂ ಘಟ್ಟ ಇಳಿದರು. ಸಲಹೆಗಾರರ ತೊಡೆಯ ಮೇಲೆ ದೊಡ್ಡ ಡ್ರಮ್ಮು ಕೂತಿತ್ತು, ಬೇರೆಡೆ ಜಾಗವಿರಲಿಲ್ಲ.

ಕಡಲತಡಿಯಲ್ಲಿ ಹಡಗು ಹೊಸ ಬಣ್ಣ ಬಳಿದುಕೊಂಡು, ಮದುವೆಗೆ ಬಂದ ಅಜ್ಜಿಯ ಹಾಗೆ ಕೂತಿತ್ತು. ಅಮೃತಮ್ಮ ಸಮುದ್ರವನ್ನು ಒಂದು ಸಲ ನೋಡಿ, ಡ್ಯಾಮಿಗಿಂತ ದೊಡ್ಡದೇ ಎಂದು ಒಪ್ಪಿಕೊಂಡರು. ಚಂದ್ರಕುಮಾರರಿಗೆ ಬೇರೆಯೇ ಚಿಂತೆ. ಕೋಟು ಯಾರದ್ದೆಂದು ನೋಡಿದೊಡನೆ ಗೊತ್ತಾಗಬೇಕಲ್ಲ? ಮನೆಯಿಂದ ಜೋಪಾನವಾಗಿ ತಂದಿದ್ದ ತಮ್ಮ ಹಳೆಯ ಹೆಸರಿನ ಬಿಲ್ಲೆಯನ್ನು ತೆಗೆದು, ತಮ್ಮ ಕೈಯಾರೆ ಶಾಕಿರನ ಎದೆಗೆ ಚುಚ್ಚಿದರು. ಕಪ್ಪು ಬಿಲ್ಲೆ, ಬಿಳಿ ಅಕ್ಷರ: ಚಂದ್ರಕುಮಾರ್. ಅದು ಸೊಟ್ಟಗಿದೆಯೆಂದು ಅಮೃತಮ್ಮ ಸರಿಮಾಡಿದರು. ಸಾಹೇಬರ ಕಾರು ಕಾಣಿಸಿದಾಗ ಶಾಕಿರ್, ಎರಡೂ ಕೈ ಖಾಲಿ ಇರಲಿ ಎಂದು, ಕ್ಲಾರಿನೆಟ್ಟನ್ನು ಚಂದ್ರಕುಮಾರರಿಗೆ ಹಿಡಿಯಲು ಕೊಟ್ಟ.

ಕ್ಯಾಪ್ಟನ್ ಸಾಹೇಬರು ಬಹಳ ಹಣ್ಣಾಗಿದ್ದರು. ಕೋಲೂರಿಕೊಂಡು, ಅಕ್ಷತಾಳ ತೋಳು ಹಿಡಿದು ಬಂದು, ಕೋಟಿನ ಮುಂದೆ ನಿಂತರು. ಬಿಲ್ಲೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. ಓದಿ ತಲೆ ಎತ್ತಿದಾಗ ಅವರ ಕಣ್ಣು ತುಂಬಿತ್ತು.

“ಚಂದ್ರಕುಮಾರ್” ಎಂದರು ಹಿಂದಿಯಲ್ಲಿ. “ಬಿರುಗಾಳಿ. ಪಂಪು. ಮರೆಯೋದಿಲ್ಲ ಅಂತ ಹೇಳಿದ್ದೆನಲ್ಲ?” ಹಾಗೆಂದವರೇ ಶಾಕಿರನನ್ನು ಬಾಚಿ ತಬ್ಬಿಕೊಂಡು, ಮೈಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀಯ, ಒಂದು ಎಳೆಯೂ ಬದಲಾಗಿಲ್ಲ ಎಂದರು.

ಬಿರುಗಾಳಿ ಬೀಸಿದಾಗ ಶಾಕಿರ್ ಶಾಲೆಗೇ ಸೇರಿರಲಿಲ್ಲ. ಪಾಪ, ಅವನು ತಾನು ಚಂದ್ರಕುಮಾರನಲ್ಲವೆಂದು ಎರಡು ಸಲ ಸ್ಪಷ್ಟವಾಗಿ ಹೇಳಿದ. ಸಾಹೇಬರಿಗೆ ಕಣ್ಣಿಗಿಂತ ಕಿವಿ ಮೊದಲು ಹೋಗಿತ್ತು. ಅವರು ಅವನ ಬೆನ್ನು ತಟ್ಟುತ್ತಲೇ ಇದ್ದರು. ಮೊಬೈಲುಗಳು ಫೋಟೋ ತೆಗೆದವು. ಮಧ್ಯೆ ಬಂದ ಚಂದ್ರಕುಮಾರರನ್ನು ಯಾರೋ ಸ್ವಲ್ಪ ಆಚೆ ಸರಿಯಲು ಹೇಳಿದರು. ಸಲಹೆಗಾರರ ಸಾಲಿನಲ್ಲಿ ನಾಯರ್ ಹಲ್ಲು ಕಿರಿದ.

ಕೊನೆಗೊಮ್ಮೆ ಸಾಹೇಬರ ನೋಟ ಪಕ್ಕಕ್ಕೆ ಹೊರಳಿತು. ದುಂಡಗಿನ ಆಸಾಮಿ, ಕೈಯಲ್ಲಿ ಕ್ಲಾರಿನೆಟ್.

“ಬ್ಯಾಂಡಿನವರೋ? ಚೆನ್ನಾಗಿ ಊದುತ್ತೀರಾ?”

ಚಂದ್ರಕುಮಾರರ ಬಾಯಿ ತೆರೆಯಿತು. ಇಷ್ಟು ಕಾಲ ಕಾದಿಟ್ಟ ಮಾತುಗಳಲ್ಲಿ ಯಾವುದನ್ನು ಮೊದಲು ಹೇಳುವುದೆಂದು ಅವರು ಆರಿಸತೊಡಗಿದರು. ಸಾಹೇಬರಂಥ ದೊಡ್ಡವರನ್ನು ಹಾಗೆ ಕಾಯಿಸುವುದು ಚೆನ್ನಾಗಿರುವುದಿಲ್ಲವೆಂದು ಅಮೃತಮ್ಮ ಮುಂದೆ ಬಂದು, ಅವರ ಕಿವಿಯ ಹತ್ತಿರ ಗಟ್ಟಿಯಾಗಿ, ತಮಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ ಹೇಳಿದರು.

“ಇಲ್ಲ ಸಾರ್, ಈಗಿನ್ನೂ ಕಲೀತಿದಾರೆ.”

ಆ ಮಾತೊಂದು ಸಾಹೇಬರಿಗೆ ಚೆನ್ನಾಗಿ ಕೇಳಿಸಿತು. ಅವರು ಚಂದ್ರಕುಮಾರರ ಹೆಗಲ ಮೇಲೆ ಕೈಯಿಟ್ಟು, ಶಾಕಿರನ ಕಡೆ ಕೋಲು ತೋರಿಸಿದರು.

“ಇವನ ಹತ್ತಿರವೇ ಕಲಿಯಿರಿ. ಚಂದ್ರಕುಮಾರನಂಥ ಮನುಷ್ಯ ನನಗೆ ಇನ್ನೊಬ್ಬ ಸಿಗಲಿಲ್ಲ.”

ಚಂದ್ರಕುಮಾರರು ಕ್ಲಾರಿನೆಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, ಆಗಲಿ ಸಾರ್ ಎಂದರು.