ಕಾಕಾ ಕಳಿಸಿದರೆ ಊರಿಗೆಲ್ಲ

ನಮ್ಮ ಕಾಕಾನಿಗೆ ಒಬ್ಬರ ಜೊತೆ ಮಾತಾಡಲು ಬರುವುದಿಲ್ಲ. ಮೂಗನಲ್ಲ, ನಾಚಿಕೆಯ ಮನುಷ್ಯನೂ ಅಲ್ಲ. ಮಾತಾಡಿದರೆ ಎಲ್ಲರ ಜೊತೆಗೇ ಮಾತಾಡಬೇಕು, ಅಷ್ಟೇ.

ಕೊಪ್ಪಳದ ಒಂದು ಟ್ರ್ಯಾಕ್ಟರ್ ಶೋರೂಮಿಗೆ ಕಾಕಾ ಮ್ಯಾನೇಜರು. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಅದರ ಶಾಖೆಗಳಿವೆ. ನಾನು ಅಲ್ಲೇ ಲೆಕ್ಕ ಬರೆಯುವವನು. ಮನೆಯಲ್ಲಿ ನನಗೆ ಮಾತ್ರ ಕಾಕಾ ಆಗಿದ್ದವನು ಈಗ ನಾಲ್ಕು ತಾಲೂಕಿಗೆ ಕಾಕಾ ಆಗಿದ್ದಾನೆ. ಮೆಕ್ಯಾನಿಕ್ಕಿನಿಂದ ಹಿಡಿದು ಗಿರಾಕಿಯವರೆಗೆ ಎಲ್ಲರೂ ಕರೆಯುವುದು ಹಾಗೆಯೇ.

ಮಾಲಕರು ಕೆಲಸದ ಮಾತುಕತೆಗೆಂದು ಒಂದು ಆ್ಯಪ್ ತರಿಸಿದರು. ಅದರಲ್ಲಿ ಗುಂಪಿಗೊಂದು ಚಾನೆಲ್: ಮಾರಾಟಕ್ಕೆ ಒಂದು, ಸರ್ವಿಸಿಗೆ ಒಂದು, ಬಿಡಿಭಾಗಕ್ಕೆ ಒಂದು, ಲೆಕ್ಕಕ್ಕೆ ಒಂದು, ಊರಿಗೊಂದು. ಯಾರಿಗೆ ಏನು ಬೇಕೋ ಅಷ್ಟನ್ನೇ ಹೇಳಬೇಕು ಎಂಬುದು ಅದರ ಉದ್ದೇಶ. ಕಲಿಸಲು ಬಂದವನು ಮಾತಿನ ಕೊನೆಗೆ, "ಇಲ್ಲಿ ಒತ್ತಿದ್ರ ಎಲ್ಲಾ ಚಾನೆಲ್ಲಿಗೂ ಒಮ್ಮೆಗೇ ಹೋಗತೈತ್ರಿ" ಎಂದುಬಿಟ್ಟ. ಕಾಕಾನ ಮಟ್ಟಿಗೆ ಪಾಠ ಅಲ್ಲಿಗೇ ಮುಗಿಯಿತು. ಉಳಿದದ್ದೇನನ್ನೂ ಅವನು ಕಲಿಯಲಿಲ್ಲ.

"ಕಾಕಾ, ಒಬ್ಬರಿಗಷ್ಟ ಕಳಸಾಕ ಬರತೈತಿ, ತೋರಸ್ಲ್ಯಾ?" ಎಂದೆ.

"ಒಬ್ಬರಿಗೆ ಹೇಳಿದ್ರ ಉಳದವರು ಏನ್ ತಪ್ಪು ಮಾಡ್ಯಾರ?" ಎಂದ.

ಮರುದಿನವೇ ಅವನ ಮೊದಲ ಸಂದೇಶ ಬಂತು: "ಎರಡು ಚಾ. ಒಂದಕ್ಕ ಸಕ್ರಿ ಬ್ಯಾಡ." ಅದು ಎಲ್ಲ ಚಾನೆಲ್ಲಿಗೂ ಹೋಯಿತು. ಗಂಗಾವತಿಯವರು ಯಾರೋ ದೊಡ್ಡವರು ಬರುತ್ತಾರೆಂದು ಕುರ್ಚಿ ಒರೆಸಿಟ್ಟರು. ಕುಷ್ಟಗಿಯವರು ಎರಡು ಕಪ್ಪಿನ ಫೋಟೋ ಹಾಕಿ, "ರೆಡಿ ಅದಾವ್ರಿ ಕಾಕಾರ, ಎಲ್ಲಿಗೆ ಕಳಸೋಣ್ರಿ?" ಎಂದು ಕೇಳಿದರು. ಯಲಬುರ್ಗಾದಿಂದ ಬಂದದ್ದು, "ಹಾಲು ಒಡದೈತ್ರಿ, ತಪ್ಪು ತಿಳ್ಕೋಬ್ಯಾಡ್ರಿ." ಜಿಲ್ಲೆಯ ತುಂಬ ಚಹಾ ಕುದಿಯಿತು, ಕಾಕಾನ ಮೇಜಿಗೆ ಮಾತ್ರ ಬರಲಿಲ್ಲ. ಎದುರಿನ ಚಹಾದ ಗೂಡಂಗಡಿಯವರು ಯಾವ ಚಾನೆಲ್ಲಿನಲ್ಲೂ ಇರಲಿಲ್ಲ!

ಮುಂದೊಂದು ಸಂಜೆ ತನ್ನ ಹೆಂಡತಿಗೆ, ಅಂದರೆ ನಮ್ಮ ಚಿಗವ್ವನಿಗೆ, ಕಳಿಸಬೇಕಾದದ್ದನ್ನೂ ಇದರಲ್ಲೇ ಕಳಿಸಿದ: "ಬರೂಮುಂದ ಬದನಿಕಾಯಿ ತರ್ಲೋ, ಹೀರಿಕಾಯಿ ತರ್ಲೋ?" ಮಾರಾಟದವರು ಬದನೆ ಎಂದರು, ಸರ್ವಿಸಿನವರು ಹೀರೆ ಎಂದರು. ಕಾರಟಗಿಯ ಕಡೆ ತಿರುಗುವ ಸೇಲ್ಸ್‌ಮನ್ ಒಬ್ಬ, ಅಲ್ಲಿಯ ಬದನೆಯ ರುಚಿ ಬೇರೆ ಎಲ್ಲೂ ಇಲ್ಲವೆಂದು ಉದ್ದಕ್ಕೆ ಬರೆದ. ಕುಷ್ಟಗಿಯ ಮೆಕ್ಯಾನಿಕ್ಕು ಬದನೆಯ ಎಣಗಾಯಿ ಪಲ್ಯ ಮಾಡುವ ರೀತಿಯನ್ನೇ ಹೇಳಿಬಿಟ್ಟ. ಕಾಕಾ ಬಹುಮತಕ್ಕೆ ತಲೆಬಾಗಿ ಚೀಲದ ತುಂಬ ಬದನೆಕಾಯಿ ಹೊತ್ತು ಮನೆಗೆ ಹೋದ.

ಚಿಗವ್ವ ಚೀಲದೊಳಗೆ ಇಣುಕಿ ನೋಡಿದಳು. "ನಾ ತರಾಕ ಹೇಳಿದ್ದು ಕೊತಂಬ್ರಿ" ಎಂದಳು.

ಚಷ್ಮಾದ ಕಥೆಯನ್ನಂತೂ ಹೇಳಲೇಬೇಕು. "ನನ್ನ ಚಷ್ಮಾ ಕಾಣವಲ್ದು, ಎಲ್ಲಾರೂ ಹುಡುಕ್ರಿ" ಎಂದು ಬಂದದ್ದೇ ತಡ, ನಾಲ್ಕೂ ಊರಿನಲ್ಲಿ ಹುಡುಕಾಟ ಸುರುವಾಯಿತು. ಕಾಕಾ ಗಂಗಾವತಿಗೆ ಹೋಗಿ ಎಷ್ಟೋ ದಿನವಾಗಿತ್ತು. ಆದರೂ ಅಲ್ಲಿಯವರು ಆಯಿಲ್ ಡಬ್ಬಿಗಳನ್ನೆಲ್ಲ ಸರಿಸಿ ನೋಡಿದರು. ನೇಗಿಲು ಕೊಳ್ಳಲು ಬಂದಿದ್ದ ಮರಳಿ ಎಂಬ ಹಳ್ಳಿಯ ರೈತರೊಬ್ಬರೂ ಬಗ್ಗಿ ಬೆಂಚಿನ ಕೆಳಗೆ ಹುಡುಕಿದರಂತೆ. ಕೊನೆಗೆ ನಾನೇ ಬರೆದೆ, "ಕಾಕಾ, ಚಷ್ಮಾ ಇಲ್ದ ಇಷ್ಟು ಟೈಪ್ ಹೆಂಗ ಮಾಡಿದಿ?"

ಎಲ್ಲ ಚಾನೆಲ್ಲಿಗೂ ಕಾಕಾನಿಂದ ಒಂದೇ ಪದ ಬಂತು: "ಸಿಕ್ತು."

ಹೀಗೆ ನಗುತ್ತಿರುವಾಗಲೇ ಯಲಬುರ್ಗಾದಲ್ಲಿ ಒಂದು ಎಡವಟ್ಟಾಯಿತು. ಅಲ್ಲಿ ರೈತರಿಗಾಗಿ ಟ್ರ್ಯಾಕ್ಟರ್ ತಪಾಸಣೆಯ ಶಿಬಿರ ಇಟ್ಟಿದ್ದೆವು. ಅದು ಇದ್ದದ್ದು ಗುರುವಾರ. ಕೌಂಟರಿನಲ್ಲಿ ಕೂರುವ ಹೆಣ್ಣುಮಗಳು ರೈತರಿಗೆಲ್ಲ ಬುಧವಾರ ಎಂದು ತಿಳಿಸಿದ್ದಳು. ಬುಧವಾರ ಮುಂಜಾನೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಳು ಬಂದು ರಸ್ತೆಯುದ್ದಕ್ಕೂ ನಿಂತವು. ಶಿಬಿರಕ್ಕೆ ಬರಬೇಕಾದ ಒಬ್ಬ ಮೆಕ್ಯಾನಿಕ್ಕೂ ಇಲ್ಲ. ಬಿತ್ತನೆಯ ಕೆಲಸ ಬಿಟ್ಟು ಬಂದಿದ್ದ ರೈತರು ಕಾದು ಕಾದು, ಬೈದು ವಾಪಸ್ಸಾದರು.

ಮಾಲಕರು ಕಾಕಾನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿದ್ದುದರಿಂದ ನನಗೂ ಕೇಳಿಸಿತು. "ಯಾರದು ತಪ್ಪು ಅಂತ ಹೆಸರು ಹಾಕಿ ಎಲ್ಲಾ ಚಾನೆಲ್ಲಿಗೂ ಕಳಸ್ರಿ. ಎಲ್ಲಾರಿಗೂ ಬುದ್ಧಿ ಬರ್ಲಿ. ನಿಮಗ ಹೆಂಗೂ ರೂಢಿ ಐತಲ್ಲ."

ಕಾಕಾ ಫೋನ್ ಹಿಡಿದು ಆ ಹೆಣ್ಣುಮಗಳ ಹೆಸರನ್ನು ಬರೆದ. ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ತಗಿ" ಎಂದ.

ಯಲಬುರ್ಗಾದವರೆಗೆ ಅವನು ಯಾರಿಗೂ ಒಂದು ಸಂದೇಶ ಕಳಿಸಲಿಲ್ಲ. ನನಗೆ ಹೆದರಿಕೆಯೇ ಆಯಿತು.

ಶೋರೂಮಿನಲ್ಲಿ ಅವಳು ಕೌಂಟರಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಉಳಿದವರು ಅವಳ ಕಡೆ ನೋಡದೆ ಇದ್ದ ಬದ್ದ ನಟ್ಟು ಬೋಲ್ಟುಗಳನ್ನೆಲ್ಲ ಒರೆಸುತ್ತಿದ್ದರು. ಅವಳ ಪಕ್ಕದಲ್ಲಿ ಊಟದ ಡಬ್ಬಿ ಮುಚ್ಚಿಯೇ ಇತ್ತು.

"ಉಂಡಿಯೇನವ್ವ?" ಎಂದು ಕಾಕಾ ಕೇಳಿದ.

"ಹಸಿವಿಲ್ರಿ ಕಾಕಾರ."

ಕಾಕಾ ಅವಳೆದುರು ಕುರ್ಚಿ ಎಳೆದುಕೊಂಡು ಕೂತು, ಒಂದೇ ಬೆರಳಿನಿಂದ ಬಹಳ ಹೊತ್ತು ಏನನ್ನೋ ಬರೆದ. ಅಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು. ನಾನೂ ತೆಗೆದು ನೋಡಿದೆ. "ಯಲಬುರ್ಗಾದ ಶಿಬಿರದ ದಿನ ನಾನ ತಪ್ಪು ಹೇಳಿದ್ದೆ. ರೈತರಿಗೆಲ್ಲ ನಾನ ಫೋನ್ ಮಾಡ್ತೀನಿ."

ನಾಲ್ಕು ಊರಿನಲ್ಲಿ ಒಬ್ಬರೂ ಅನುಮಾನ ಪಡಲಿಲ್ಲ. "ನಮಗ ಗೊತ್ತಿತ್ರಿ ಕಾಕಾರ," "ಹಿಂಗ ಏನರ ಆಗಿರತೈತಿ ಅಂದ್ಕೊಂಡಿದ್ವಿ" ಎಂದು ನಗುವ ಮುಖಗಳು ಸಾಲುಸಾಲಾಗಿ ಬಂದವು. ಮಾಲಕರು ಕೂಡ, "ನೀವಾ? ಹಂಗಾರ ಬಿಡ್ರಿ" ಎಂದು ಬರೆದು ಸುಮ್ಮನಾದರು.

ಅವಳು ಎದ್ದು ಕಾಕಾನ ಹತ್ತಿರ ಬಂದಳು. ಕಣ್ಣು ಕೆಂಪಾಗಿದ್ದವು. ಉಳಿದವರಿಗೆ ಕೇಳಿಸದ ಹಾಗೆ, "ಕಾಕಾರ, ತಪ್ಪು ನಂದಲ್ಲೇನ್ರಿ?" ಎಂದಳು.

"ನಿಂದ ಐತವ್ವ," ಎಂದ ಕಾಕಾ, ಅಷ್ಟೇ ಮೆಲ್ಲಗೆ. "ಅದನ್ನ ನಿನಗೊಬ್ಬಾಕಿಗಷ್ಟ ಹೇಳಬೇಕಂತ ಇಲ್ಲಿ ತನಕ ಬಂದೀನಿ. ಇನ್ನ ಉಣ್ಣು."

ಅವಳು ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಅರ್ಧ ಅವನಿಗೆ ಕೊಟ್ಟಳು. ಆಮೇಲೆ ರೈತರ ನಂಬರುಗಳನ್ನು ಕಾಕಾನ ಫೋನಿನಲ್ಲಿ ಒಂದೊಂದಾಗಿ ಒತ್ತಿ ಕೊಡತೊಡಗಿದಳು. ಮೊದಲನೆಯವರು ಬೈಯುತ್ತಿದ್ದದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸುತ್ತಿತ್ತು. ಕಾಕಾ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು, "ಹೌದ್ರಿ, ಬೈರಿ, ನಂದ ತಪ್ಪು" ಎನ್ನುತ್ತಿದ್ದ.