ಅಧ್ಯಕ್ಷರು ಕಾಣುತ್ತಿರುವವರೆಗೆ

ನಮ್ಮ ಸೀಮೆಯ ಸಹಕಾರಿ ಸಕ್ಕರೆ ಕಾರ್ಖಾನೆಯ ಸರ್ವರ್ ಈ ಹಂಗಾಮಿನಲ್ಲಿ ಒಮ್ಮೆಯೂ ಬಿದ್ದಿಲ್ಲ ಎಂಬುದು ಅಧಿಕೃತ ಸಂಗತಿ. ಆನ್‌ಲೈನಿನಲ್ಲಿ ಬರಬೇಕಾದ ಕಬ್ಬು ಕಡಿಯುವ ಪಾಳಿ ಮಾತ್ರ ಯಾರಿಗೂ ಬಂದಿಲ್ಲ.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಧರೆಪ್ಪನಿಗೆ ಇದರ ಬಿಸಿ ತಟ್ಟಿದ್ದು ಬೀಗರ ಕಡೆಯಿಂದ. ಐಗಳಿಯಲ್ಲಿ ಅವನ ಅತ್ತೆ ಕಸ್ತೂರೆವ್ವನ ಕಬ್ಬು ಹೂ ಬಿಟ್ಟು, ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತಿತ್ತು. ಕೈಯಿಂದಲೇ ಸರ್ವರ್ ಚಾಲೂ ಮಾಡೋಣವೆಂದರೆ ನಿಯಮ ಅಡ್ಡ ಬಂತು: 'ಬಿದ್ದ ಸರ್ವರನ್ನು ಎಬ್ಬಿಸಲು ಕಾವಲು ತಂತ್ರಾಂಶ ಖರೀದಿಸಲಾಗಿದ್ದು, ಸದರಿ ತಂತ್ರಾಂಶವು ಬಿದ್ದಿದೆ ಎನ್ನದ ಹೊರತು ಯಾವ ಸಿಬ್ಬಂದಿಯೂ ಕೈ ಹಚ್ಚತಕ್ಕದ್ದಲ್ಲ.' ತಂತ್ರಾಂಶವೋ, ಹಗಲೆಲ್ಲ ಹಸಿರು ದೀಪ ತೋರಿಸುತ್ತ ಕೂತಿತ್ತು.

ನಿಪ್ಪಾಣಿಯಿಂದ ಬಂದ ತಂತ್ರಜ್ಞೆ ಪ್ರಾಜಕ್ತಾ ಚಹಾ ಆರುವುದರೊಳಗೆ ಕಾರಣ ಪತ್ತೆ ಹಚ್ಚಿದಳು.

"ಸರ್ವರ್ ಬಿದ್ದಾಗ ಬ್ಯಾರೆ ಮಷೀನ್‌ನಿಂದ ನಿಮ್ಮ ಕ್ಷಮಾಪಣೆ ಪುಟ ಬರತೈತ್ರಿ ಸರ್. ಮ್ಯಾಲ ಅಧ್ಯಕ್ಷರ ಫೋಟೋ, ಕೆಳಗ 'ಅಡಚಣೆಗೆ ವಿಷಾದಿಸುತ್ತೇವೆ'. ಪುಟ ಬಂತಲ್ಲ, ಎಲ್ಲಾ ಬರಾಬರ್ ಐತಿ ಅಂತ ನಿಮ್ಮ ಕಾವಲು ತಿಳ್ಕೊಂತೈತಿ. ಆ ಪುಟ ತಗದ ಒಗೀರಿ, ತಾನ ಎಬ್ಬಸ್ತೈತಿ."

ಧರೆಪ್ಪ ಎದ್ದು ಬಾಗಿಲು ಮುಚ್ಚಿದ. ಹಂಗಾಮಿನ ನಡುವೆ ಅಧ್ಯಕ್ಷರನ್ನು ತೆಗೆದೊಗೆಯುವುದೇ! ಆದರೂ ಅತ್ತೆಯ ಮುಖ ನೆನೆದು ಅಧ್ಯಕ್ಷರ ಕೋಣೆಗೆ ಹೋದ.

ಅಧ್ಯಕ್ಷ ರಾವಸಾಹೇಬರು ಶಾಂತವಾಗಿ ಕೇಳಿಸಿಕೊಂಡರು. "ನಾ ಕಂಡ್ರ ಎಲ್ಲಾ ಸುರಳೀತ ನಡದೈತಿ ಅಂತ ಮಷೀನಿಗೂ ತಿಳದೈತಿ. ನಿಮಗ ತಿಳೀವಲ್ದೇನ್ರಿ ಧರೆಪ್ಪ?"

"ತಿಳೀತ್ರಿ ಸಾಹೇಬ್ರ," ಎಂದ ಧರೆಪ್ಪ. ಅತ್ತೆಯ ಕಬ್ಬಿನ ಮಾತು ಗಂಟಲಲ್ಲೇ ಉಳಿಯಿತು. ಇಂಥ ಗಂಟಲುಗಳಿಂದಲೇ ಕಾರ್ಖಾನೆ ನಡೆದಿದೆ.

ಮರುದಿನ ಅವನದೇ ಕೈಬರಹದ ಪ್ರಕಟಣೆ ಹೊರಬಿತ್ತು: 'ಅಧ್ಯಕ್ಷರ ಭಾವಚಿತ್ರ ಕಾಣುತ್ತಿರುವವರೆಗೆ ಸರ್ವರ್ ನಡೆಯುತ್ತಿದೆಯೆಂದೂ, ಸರ್ವರ್ ನಡೆಯುತ್ತಿರುವುದರಿಂದ ಪಾಳಿ ಬಂದಿದೆಯೆಂದೂ, ಪಾಳಿ ಬಂದಿರುವುದರಿಂದ ಕಬ್ಬು ಕಡಿಯಲಾಗಿದೆಯೆಂದೂ ಭಾವಿಸತಕ್ಕದ್ದು.' ಪ್ರಾಜಕ್ತಾಳಿಗೆ ಶಾಲು ಹೊದಿಸಲಾಯಿತು. ಹೋಗುವ ಮುಂಚೆ ಅವಳು ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿಕೊಟ್ಟಳು.

ಸಂಜೆ ಕಸ್ತೂರೆವ್ವ ಅಳಿಯನನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿಕೊಂಡಳು. "ಅಳ್ಯಾರ, ನನ್ನ ಕಬ್ಬು ಕಡದ ಮುಗದೈತಿ ಅಂತ ಮಂದಿ ಅನ್ನಾಕತ್ತಾರ. ಹಂಗಾರ ಇಲ್ಲಿ ನಿಂತದ್ದ ಏನ್ರಿ?"

ಧರೆಪ್ಪ ಕಬ್ಬಿನ ಕಡೆ ನೋಡಲಿಲ್ಲ. "ಕಡದ ಹೊಲದಾಗ ಕಬ್ಬು ನಿಂತ್ರ ಅದು ಅತಿಕ್ರಮಣ ಆಗತೈತ್ರಿ ಅತ್ತಿ. ಲಗೂನ ತಗಸ್ರಿ. ನೋಟಿಸ್ ಕಳಸೂದೂ ನನ್ನ ಕಡೇನ ಐತಿ."

"ತಪ್ಪಾತ್ರಿ ಅಳ್ಯಾರ," ಎಂದು ಕಸ್ತೂರೆವ್ವ ಕುಡಗೋಲು ತರಲು ಹೋದಳು. ಆ ವಾರವೆಲ್ಲ ಅವಳ ಎಮ್ಮೆಗಳು ಕಾಗದದ ಮೇಲೆ ಕಾರ್ಖಾನೆ ಮುಟ್ಟಿದ್ದ ಕಬ್ಬನ್ನೇ ತಿಂದವು.