ರೇಡಿಯೇಟರಿನೊಳಗಿನ ಸಾರು

ಮನೆಯಲ್ಲಿ ಒಂದು ಲಾರಿ ಇರುವುದೂ ಒಬ್ಬ ಸೋದರಮಾವ ಇರುವುದೂ ಹೆಚ್ಚು ಕಡಿಮೆ ಒಂದೇ. ಮದುವೆಯಿರಲಿ, ತೊಟ್ಟಿಲಿರಲಿ, ಮೊದಲು ಕರೆ ಬರುವುದು ಅದಕ್ಕೆ. ಬರದಿದ್ದರೆ ಸಿಟ್ಟು, ಬಂದು ಅರ್ಧ ದಾರಿಯಲ್ಲಿ ನಿಂತರೆ ನಗು. ನಮ್ಮ ಹಳೆಯ ಡೀಸೆಲ್ ಲಾರಿಯ ಆಯುಷ್ಯವೆಲ್ಲ ಬುಕ್ಕಸಾಗರದಿಂದ ಕಂಪ್ಲಿಯ ರೈಸ್ ಮಿಲ್ಲಿಗೆ ಭತ್ತ ಹೊತ್ತೇ ಸವೆದಿದೆ. ಸಪಾಟು ರಸ್ತೆಯಲ್ಲಿ ಅದರಷ್ಟು ಸಾಧು ಇನ್ನೊಂದಿಲ್ಲ. ಏರು ಕಂಡರೆ ಮಾತ್ರ ಪಿತ್ತ ನೆತ್ತಿಗೇರುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ. ಕಾಲುವೆ ನೀರು, ಬೋರಿನ ನೀರು, ಕೈಗೆ ಸಿಕ್ಕ ಕೊಡದ ನೀರು ಎಲ್ಲವನ್ನೂ ನಾನೇ ಅದರ ರೇಡಿಯೇಟರಿಗೆ ಕುಡಿಸಿದ್ದೆ. ಹೊಳೆ ನೀರು ಕುಡಿದು ಮನುಷ್ಯರೇ ಗಟ್ಟಿಯಾಗಿರುವಾಗ ಕಬ್ಬಿಣಕ್ಕೆ ಏನಾದೀತು ಎಂಬುದು ನನ್ನ ಸಿದ್ಧಾಂತ.

ಹೋದ ವರ್ಷ ಸಂಡೂರಿನ ಏರಿನಲ್ಲಿ ಅದು ಬುಸುಗುಟ್ಟಿ ನಿಂತೇಬಿಟ್ಟಿತು. ಹೆಂಡತಿ ಗೌರಿ ಇಳಿದು ಅದರ ಮೂತಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಾಗಲೇ ಷಡ್ಡಕ ವೀರೇಶ, ಅಂದರೆ ಅವಳ ತಂಗಿಯ ಗಂಡ, ತನ್ನ ಹೊಸ ಲಾರಿಯಲ್ಲಿ ಬಂದ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಣ್ಣಾರ, ಚಾ ಕಾಸಾಕತ್ತೀರೇನ್ರಿ?" ಎಂದ. ಆ ಮಾತು ಬೀಗರ ಮನೆಗಳನ್ನೆಲ್ಲ ಸುತ್ತಿ ನಮ್ಮ ಮನೆಗೇ ವಾಪಸ್ ಬಂತು.

ಈ ಸಲ ಸಂಡೂರಿನಲ್ಲಿ ಗೌರಿಯ ಅಣ್ಣನ ಹೊಸ ಮನೆಯ ಗೃಹಪ್ರವೇಶ. ದೋಣಿಮಲೈ ಗಣಿಯಲ್ಲಿ ದುಡಿದು ಕಟ್ಟಿಸಿದ ಮನೆ. ಅಡುಗೆಯ ಸಾಮಾನು, ಪಾತ್ರೆ ಎಲ್ಲ ನಮ್ಮ ಲಾರಿಯಲ್ಲೇ ಬರುತ್ತವೆಂದು ಅವಳು ತವರಿಗೆ ಮಾತು ಕೊಟ್ಟುಬಿಟ್ಟಳು. ನನಗೆ ಹೇಳಿದ್ದು ಇಷ್ಟೇ: "ಏರಿನಾಗ ನಿಂತ್ರ ನಾ ಇಳಿದು ವೀರೇಶನ ಗಾಡಿ ಹತ್ತತೀನಿ. ಆಮ್ಯಾಲ ನನ್ನ ಅನ್ನಬ್ಯಾಡ್ರಿ."

ಮಾನದ ಪ್ರಶ್ನೆ. ಒಂದು ಮಧ್ಯಾಹ್ನ ಅವಳು ಉಡುಗೊರೆಯ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಳು. ಕಪ್ಪಿಟ್ಟ ದೀಪ ಬಂಗಾರದಂತಾಯಿತು. ನನಗೆ ಜ್ಞಾನೋದಯವಾಯಿತು. ಅವಳು ನೀರಿಗೆ ಹೋದ ಹೊತ್ತಿನಲ್ಲಿ ಅಟ್ಟದ ಮೇಲಿದ್ದ ಹುಣಸೆಹಣ್ಣಿನ ದೊಡ್ಡ ಡಬ್ಬಿ ಇಳಿಸಿ, ಹಣ್ಣನ್ನೆಲ್ಲ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನನ್ನ ಟವೆಲ್ಲಿನಲ್ಲಿ ಸೋಸಿ ರೇಡಿಯೇಟರಿಗೆ ಸುರಿದೆ. ಡಬ್ಬಿಗೆ ಮುಚ್ಚಳ ಬಿಗಿದು ಇದ್ದಲ್ಲಿಯೇ ಇಟ್ಟೆ. ಟವೆಲ್ಲಿನಲ್ಲಿ ತೂತಿತ್ತು ಎಂಬುದು ಮರುದಿನ ಕಂಪ್ಲಿಯ ದಾರಿಯಲ್ಲಿ ತಿಳಿಯಿತು. ಸಪಾಟು ರಸ್ತೆಯಲ್ಲೇ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತು. ಬಾನೆಟ್ಟಿನಿಂದ ಬಂದ ಘಮಕ್ಕೆ ನನಗೇ ಹಸಿವಾಯಿತು.

ಅಲ್ಲಿಂದಲೇ ತಿರುಗಿಸಿ, ನಿಂತು ನಿಂತು ಹೊಸಪೇಟೆ ಮುಟ್ಟಿಸಿದೆ. ಅಲ್ಲಿನ ಮೌಲಾ ಮೇಸ್ತ್ರಿ ಇಂಜಿನ್ ತಣ್ಣಗಾಗುವವರೆಗೆ ಬೀಡಿ ಸೇದಿ, ಆಮೇಲೆ ಕೆಳಗಿನ ಪೈಪು ಬಿಚ್ಚಿದ. ಕೆಂಪು ತುಕ್ಕು, ಕೆಸರು, ಹಿಂದೆಯೇ ನಾರು, ಕೊನೆಗೆ ಒಂದು ಹುಣಸೆಬೀಜ. ಅವನು ಬೀಜವನ್ನು ಅಂಗೈಯಲ್ಲಿಟ್ಟು ನೋಡಿದ.

"ಸಾವ್ಕಾರ್ರ, ಒಗ್ಗರಣಿ ಒಂದ ಬಾಕಿ ಉಳಿದೈತಿ."

"ತುಕ್ಕು ಹೋಗ್ಲಿ ಅಂತ ಹಾಕಿದ್ದೆಪ್ಪಾ."

"ಹುಳಿ ಹಾಕಿದ್ದಕ್ಕ ನಾ ಏನೂ ಅನ್ನಂಗಿಲ್ಲ. ತುಕ್ಕು ತಗ್ಯಾಕ ನಾವು ಹಾಕೋ ಪುಡಿನೂ ಹುಳಿನ. ನಾರು ಯಾಕ ಹಾಕಿದ್ರಿ?"

ಅವನು ಬಿಸಿ ನೋಡಿ ನೀರು ಬಿಡುವ ಥರ್ಮೋಸ್ಟಾಟ್ ತೆಗೆದಿಟ್ಟು ರೇಡಿಯೇಟರಿನ ಕೆಳಗಿನ ಬಾಯಿಗೆ ನೀರಿನ ಪೈಪು ಕೊಟ್ಟ. ಕಸ ಹೋದ ದಿಕ್ಕಿನಲ್ಲೇ ನೂಕಿದರೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದಂತೆ, ಅದಕ್ಕೇ ಉಲ್ಟಾ ನೂಕಬೇಕಂತೆ. ನಮ್ಮ ಬೀಗರ ಪೈಕಿ ಕೆಲವರ ನೆನಪಾಯಿತು. ಆಮೇಲೆ ಪುಡಿ ಹಾಕಿ ಇಂಜಿನ್ ಓಡಿಸುವುದು, ಆರಿದ ಮೇಲೆ ಬಸಿಯುವುದು, ಹೊಸ ನೀರು ತುಂಬಿ ಮತ್ತೆ ಓಡಿಸುವುದು. ಸಂಜೆಗೆ ಕುಡಿಯುವ ನೀರಿನಷ್ಟು ತಿಳಿಯಾದದ್ದು ಬರತೊಡಗಿತು. ಶುದ್ಧ ನೀರಿಗೆ ಇಂಜಿನ್ ತಣ್ಣಗಿಡುವ ಹಸಿರು ಕೂಲೆಂಟ್ ಬೆರೆಸಿ ತುಂಬಿ, "ಇನ್ನ ಇದಕ್ಕ ಅಡಿಗಿ ಮನಿ ಸಾಮಾನು ತೋರಸಬ್ಯಾಡ್ರಿ" ಎಂದು ಕಳಿಸಿದ.

ಹೊರಡುವ ದಿನ ಸಾಮಾನನ್ನೆಲ್ಲ ನಾನೇ ಏರಿಸಿದೆ. ಒಂದು ಡಬ್ಬಿ ಹಗುರ ಅನ್ನಿಸಿತು. ಆ ಬೆಳಿಗ್ಗೆ ನನಗೆ ಎಲ್ಲವೂ ಹಗುರ ಅನ್ನಿಸುತ್ತಿತ್ತು. ಲಾರಿ ಸಂಡೂರಿನ ಏರನ್ನು ಒಂದೇ ಉಸಿರಿಗೆ ಹತ್ತಿತು, ಮುಳ್ಳು ನಟ್ಟನಡುವೆ. "ನೋಡಿದ್ಯಾ?" ಎಂದೆ. ಗೌರಿ, "ಭಾಳ ಚಲೋ ಆತು ಬಿಡ್ರಿ" ಎಂದು ನಕ್ಕಳು. ಆ ನಗುವಿಗೆ ಇನ್ನೊಂದು ಗುಡ್ಡ ಹತ್ತಿಸಬಹುದಿತ್ತು.

ಹೋಳಿಗೆಗೆ ಬೇಳೆ ಬೆಂದು, ಸಾರಿಗೆ ಕಟ್ಟು ಬಸಿದಾದ ಮೇಲೆ ಅಡುಗೆಯವರು ಹುಣಸೆಹಣ್ಣು ಕೇಳಿದರು. ಗೌರಿ ಮುಚ್ಚಳ ತೆಗೆದಳು. ಡಬ್ಬಿ ನೋಡಿದಳು, ನನ್ನ ಹೆಗಲ ಟವೆಲ್ಲಿನ ಹುಣಸೆ ಕಲೆ ನೋಡಿದಳು, ಅಂಗಳದಲ್ಲಿ ನಿಂತ ಲಾರಿಯನ್ನು ನೋಡಿದಳು. ಊಟದ ಸಲುವಾಗಿಯೇ ತೆಗೆದಿಟ್ಟಿದ್ದ ಹೊಸ ಹಣ್ಣಂತೆ ಅದು. ಬೀಗರ ಮುಂದೆ ಮುಚ್ಚಳವನ್ನು ಮೆಲ್ಲಗೆ ಮತ್ತೆ ಬಿಗಿದಳು; ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಪೇಟೆಗೆ ಹೋಗಿ ಹಣ್ಣು ತಂದವನು ವೀರೇಶ. ಗೌರಿಯ ನೋಟ ಹೋದ ದಿಕ್ಕನ್ನು ಅವನೂ ನೋಡಿದ್ದ; ತಂದುಕೊಟ್ಟು, "ಅಣ್ಣಾರ, ಗಾಡಿಗೂ ಒಂದೀಟು ತಗದಿಡ್ಲೇನ್ರಿ?" ಎಂದ.

ವಾಪಸ್ ಹೊರಡುವಾಗ ಗೌರಿ ಅವನ ಗಾಡಿ ಹತ್ತಿದಳು. ನಾನು ಒಬ್ಬನೇ ಖಾಲಿ ಲಾರಿ ಓಡಿಸುತ್ತ ಬಂದೆ. ದಾರಿಯುದ್ದಕ್ಕೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಹೇಳಿಕೊಳ್ಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.